ಹಾಸ್ಟೆಲ್ ಮೆಸ್ಸಿನಲ್ಲಿ ಕೂತು ಜನರನ್ನು ನೋಡುವುದು ಹೇಗೆ

ನಾಳೆ ಬೆಳಗ್ಗೆ ನಿಮ್ಮ ಮೆಸ್ಸಿನಲ್ಲಿ ಉಪ್ಪಿಟ್ಟು ಇದ್ದರೆ ನಾಳೆಯೇ ಶುರು ಮಾಡಿ. ಪೂರಿ ಸಾಗು ಇರುವ ದಿನ ಎಲ್ಲರೂ ಒಂದೇ ಥರ. ಬೇಗ ಬರುತ್ತಾರೆ, ಎರಡನೇ ಸಲ ಲೈನಿನಲ್ಲಿ ನಿಲ್ಲುತ್ತಾರೆ, ಹೋಗುತ್ತಾರೆ. ಉಪ್ಪಿಟ್ಟಿನ ದಿನ ಹಾಗಲ್ಲ. ಒಬ್ಬ ಮೇಲೆ ಸಕ್ಕರೆ ಹಾಕಿಕೊಳ್ಳುತ್ತಾನೆ. ಒಬ್ಬ ರೂಮಿನಿಂದ ಶೇಂಗಾ ಚಟ್ನಿಪುಡಿಯ ಡಬ್ಬಿ ತಂದಿರುತ್ತಾನೆ, ಅದು ಟೇಬಲ್ಲಿನ ಆ ತುದಿ ಮುಟ್ಟಿ ವಾಪಸ್ ಬರುವಷ್ಟರಲ್ಲಿ ಅರ್ಧ ಖಾಲಿ. ಇನ್ನೊಬ್ಬ ಪಾತ್ರೆಯೊಳಗೆ ಇಣುಕಿ, ಏನೂ ಹೇಳದೆ, ಬರೀ ಟೀ ಹಿಡಿದುಕೊಂಡು ಹೊರಗೆ ಹೋಗುತ್ತಾನೆ. ಮತ್ತೊಬ್ಬ ಮಾತ್ರ ತಟ್ಟೆ ತುಂಬ ಹಾಕಿಸಿಕೊಂಡು, ಒಂದು ಕಾಳು ಬಿಡದೆ ತಿಂದು ಮುಗಿಸುತ್ತಾನೆ. ಇಷ್ಟನ್ನು ನೀವು ಗಮನಿಸಿದ್ದರೆ ಅರ್ಧ ಕೆಲಸ ಕಲಿತ ಹಾಗೆ.

ನಾನು ದಾವಣಗೆರೆಯ ಒಂದು ಕಾಲೇಜಿನ ಹಾಸ್ಟೆಲ್ಲಿನಲ್ಲಿ ನಾಲ್ಕು ವರ್ಷ ಊಟ ಮಾಡಿದವನು. ಈಗ ಡಿಗ್ರಿ ಮಕ್ಕಳಿಗೆ ಪಾಠ ಮಾಡುತ್ತೇನೆ. ವರದಿ ಬರೆಯೋದು, ಕತೆ ಬರೆಯೋದು, ಸಮಾಜಶಾಸ್ತ್ರದ ಪ್ರಾಜೆಕ್ಟ್ ಮಾಡೋದು ಹೇಗೆ ಅಂತ ಕೇಳುವವರಿಗೆ ನಾನು ಕೊಡುವ ಮೊದಲ ಕೆಲಸ ಇದೇ: ಒಂದು ತಿಂಗಳು ನಿಮ್ಮ ಮೆಸ್ಸನ್ನು ನೋಡಿ. ಅದಕ್ಕೆ ದುಡ್ಡು ಬೇಡ, ಎಲ್ಲಿಗೂ ಹೋಗಬೇಕಿಲ್ಲ, ಯಾರ ಅನುಮತಿ ಪತ್ರವೂ ಬೇಡ. ದಿನಕ್ಕೆ ಮೂರು ಸಲ ಜನ ತಾವಾಗಿಯೇ ಬಂದು ನಿಮ್ಮ ಮುಂದೆ ಕೂರುತ್ತಾರೆ. ಹೊಸದಾಗಿ ಹಾಸ್ಟೆಲ್ ಸೇರಿ ಯಾರ ಹತ್ತಿರ ಕೂರುವುದು ಅಂತ ಗೊತ್ತಾಗದೆ ತಟ್ಟೆ ಹಿಡಿದು ನಿಂತಿದ್ದೀರಲ್ಲ, ನಿಮಗೂ ಇದು ಉಪಯೋಗಕ್ಕೆ ಬರುತ್ತದೆ.

ಮೊದಲು ಜಾಗ

ಬಡಿಸುವ ಕೌಂಟರ್, ಕೈ ತೊಳೆಯುವ ನಲ್ಲಿ, ಎಂಜಲು ಬಕೆಟ್, ಈ ಮೂರೂ ಕಾಣುವ ಜಾಗ ಹುಡುಕಿ. ಮೂರೂ ಕಾಣದಿದ್ದರೆ ನಲ್ಲಿ ಬಿಡಿ, ಬಕೆಟ್ ಬಿಡಬೇಡಿ. ಏನು ತಿಂದರು ಅನ್ನುವುದಕ್ಕಿಂತ ಏನು ಚೆಲ್ಲಿದರು ಅನ್ನುವುದರಲ್ಲಿ ಜಾಸ್ತಿ ಸಂಗತಿ ಇರುತ್ತದೆ. ಬೆನ್ನಿಗೆ ಗೋಡೆ ಇದ್ದರೆ ಒಳ್ಳೆಯದು, ತಿರುಗಿ ತಿರುಗಿ ನೋಡುವುದು ತಪ್ಪುತ್ತದೆ. ಬಾಗಿಲ ಹತ್ತಿರ ಬೇಡ. ಅಲ್ಲಿ ಕೂತರೆ ಬಂದವರೆಲ್ಲ ನಿಮ್ಮನ್ನು ಮಾತಾಡಿಸುತ್ತಾರೆ, ನೋಡುವುದಕ್ಕೆ ಪುರುಸೊತ್ತೇ ಇರುವುದಿಲ್ಲ. ಮೊದಲ ವಾರ ಒಂದೇ ಜಾಗದಲ್ಲಿ ಕೂರಿ. ಆಮೇಲೆ ಎದುರು ಗೋಡೆಗೆ ಹೋಗಿ. ಅದೇ ಮೆಸ್ಸು, ಅದೇ ಜನ, ಬೇರೆಯೇ ಕಾಣುತ್ತದೆ.

ಊಟದ ಹೊತ್ತು ಏಳೂವರೆಯಿಂದ ಒಂಬತ್ತು ಅಂತ ಇದ್ದರೆ ಒಂದೂವರೆ ಗಂಟೆ ಕೂರಬೇಕಾಗಿಲ್ಲ. ಮೊದಲ ಇಪ್ಪತ್ತು ನಿಮಿಷ ಒಂದು ದಿನ, ಕೊನೆಯ ಇಪ್ಪತ್ತು ನಿಮಿಷ ಇನ್ನೊಂದು ದಿನ. ಮೊದಲು ಬರುವವರೇ ಬೇರೆ, ಕೊನೆಗೆ ಬರುವವರೇ ಬೇರೆ. ಕೊನೆಗೆ ಬರುವವರಲ್ಲಿ ಲ್ಯಾಬಿನಿಂದ ಬಂದವರು, ಆಟ ಆಡಿ ಬಂದವರು, ಟ್ಯೂಷನ್ ಹೇಳಿಕೊಟ್ಟು ಬಂದವರು ಇರುತ್ತಾರೆ. ಮೆಸ್ ಖಾಲಿಯಾಗಲಿ ಅಂತ ಕಾದು ಬರುವವರೂ ಇರುತ್ತಾರೆ. ಅವರನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ಮಾತು. ನಿಮ್ಮ ಊಟ ನೀವು ಮಾಡಿ, ಬಿಸಿಯಿದ್ದಾಗಲೇ. ಮುಂದೆ ತಟ್ಟೆ ಇಟ್ಟುಕೊಂಡು ತಿನ್ನದೆ ಸುತ್ತ ನೋಡುವವನು ಎಲ್ಲರ ಕಣ್ಣಿಗೂ ಬೀಳುತ್ತಾನೆ. ತನ್ನನ್ನು ಯಾರೋ ನೋಡುತ್ತಿದ್ದಾರೆ ಅಂತ ಗೊತ್ತಾದ ಕೂಡಲೇ ಮನುಷ್ಯ ಬದಲಾಗುತ್ತಾನೆ. ಮದುವೆ ಮನೆಯಲ್ಲಿ ವಿಡಿಯೋದವನು ಪಂಕ್ತಿಯ ಹತ್ತಿರ ಬಂದಾಗ ನಾವು ತಿನ್ನುವ ರೀತಿ ನೆನಪಿಸಿಕೊಳ್ಳಿ, ತುತ್ತೇ ಸಣ್ಣದಾಗಿಬಿಡುತ್ತದೆ, ಅಲ್ವಾ?

ಫೋನ್ ಜೇಬಿನಲ್ಲಿರಲಿ

ಅಂಗೈ ಅಗಲದ ಒಂದು ನೋಟ್‌ಬುಕ್, ಒಂದು ಪೆನ್ನು. ಇಷ್ಟು ಸಾಕು. ಫೋಟೋ ಬೇಡ, ವಿಡಿಯೋ ಬೇಡ, ಪಕ್ಕದ ಟೇಬಲ್ಲಿನ ಮಾತು ರೆಕಾರ್ಡ್ ಮಾಡುವುದಂತೂ ಬೇಡವೇ ಬೇಡ. ಇದರಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸಿನ ಅರ್ಜಿ ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕಾನೂನಿನ ಮಾತು ಹಾಗಿರಲಿ. ಬಾಯಿ ತುಂಬ ಅನ್ನ ಇರುವ ಮನುಷ್ಯನ ಫೋಟೋ ಅವನಿಗೆ ಗೊತ್ತಿಲ್ಲದೆ ಯಾರಾದರೂ ತೆಗೆದರೆ ಅವನಿಗೆ ಹೇಗಾಗುತ್ತದೆ ಅಂತ ಒಂದು ಸಲ ಯೋಚನೆ ಮಾಡಿ.

ನೋಟ್‌ಬುಕ್ಕಿನಲ್ಲಿ ಹೆಸರು ಬರೆಯಬೇಡಿ. ರೂಮ್ ನಂಬರ್ ಬೇಡ, ಬ್ರ್ಯಾಂಚ್ ಬೇಡ. "ನೀಲಿ ಸ್ವೆಟರ್", "ಕಿಟಕಿ ಪಕ್ಕದವನು" ಅಂತ ಗುರುತು ಹಾಕಿಕೊಳ್ಳಿ. ಪುಸ್ತಕ ಮರೆತು ಟೇಬಲ್ ಮೇಲೆ ಬಿಟ್ಟು ಬಂದರೂ ಯಾರಿಗೂ ನೋವಾಗಬಾರದು, ಆ ಅಳತೆ ಇಟ್ಟುಕೊಂಡು ಬರೆಯಿರಿ. ಒಬ್ಬರನ್ನೇ ದಿನಾ ನೋಡುತ್ತಾ ಕೂರುವುದು, ಅವರು ಎದ್ದಾಗ ಏಳುವುದು, ಅವರ ಹಿಂದೆ ಹೋಗುವುದು, ಇದಕ್ಕೆ ಗಮನಿಸುವುದು ಅನ್ನುವುದಿಲ್ಲ, ಬೆನ್ನು ಹತ್ತುವುದು ಅನ್ನುತ್ತಾರೆ. ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಹುಡುಗ ಹುಡುಗಿಯರು ಒಟ್ಟಿಗೆ ಊಟ ಮಾಡುವ ಕ್ಯಾಂಟೀನಿನಲ್ಲಿ ನಿಮ್ಮ ಕಣ್ಣು ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು ನಿಮಗಿಂತ ಮೊದಲು ಎದುರಿನವರಿಗೆ ಗೊತ್ತಾಗುತ್ತದೆ.

ಮುಖ ಆಮೇಲೆ, ತಟ್ಟೆ ಮೊದಲು

ಹೊಸಬರು ಮುಖ ನೋಡುತ್ತಾರೆ. ಮುಖ ನೋಡಿದರೆ ಎದುರಿನವರಿಗೂ ತಿಳಿಯುತ್ತದೆ, ನಮಗೂ ಏನೇನೋ ಅನಿಸತೊಡಗುತ್ತದೆ. ತಟ್ಟೆ ನೋಡಿ. ತಟ್ಟೆ ನೋಡಿದರೆ ಯಾರಿಗೂ ಮುಜುಗರ ಇಲ್ಲ.

ದಾವಣಗೆರೆ ಕರ್ನಾಟಕದ ನಡುವಿನ ಊರು. ನಮ್ಮ ಮೆಸ್ಸಿಗೆ ಬೀದರ್ ಕಡೆಯಿಂದಲೂ ಹುಡುಗರು ಬರುತ್ತಿದ್ದರು, ಮಂಡ್ಯದಿಂದಲೂ ಬರುತ್ತಿದ್ದರು, ಶಿರಸಿ, ಉಡುಪಿ ಕಡೆಯವರೂ ಇದ್ದರು. ಎಲ್ಲರಿಗೂ ಅದೇ ಖಾನೆ ಇರುವ ಸ್ಟೀಲ್ ತಟ್ಟೆ, ಅದೇ ಚಪಾತಿ, ಪಲ್ಯ, ಅನ್ನ, ಸಾರು. ಆದರೆ ಊಟ ಶುರುವಾದ ಎರಡು ನಿಮಿಷಕ್ಕೆ ತಟ್ಟೆಗಳು ಬೇರೆ ಬೇರೆ ಆಗಿಬಿಡುತ್ತಿದ್ದವು. ಬಯಲುಸೀಮೆಯ ಉತ್ತರದ ಹುಡುಗರಿಗೆ ರೊಟ್ಟಿ ಅಥವಾ ಚಪಾತಿಯೇ ಊಟ, ಅನ್ನ ಅಂದರೆ ಕೊನೆಗೆ ಎರಡು ತುತ್ತು. ಊರಿಂದ ತಂದ ಕಡಕ್ ರೊಟ್ಟಿಯನ್ನು ಮೆಸ್ಸಿನ ಸಾರಿಗೆ ಮುರಿದು ಹಾಕಿ, ಅದು ನೆನೆಯುವ ತನಕ ಮಾತಾಡುತ್ತಾ ಕೂರುತ್ತಿದ್ದರು. ಮಂಡ್ಯದವರಿಗೆ ಮುದ್ದೆ ಇರುವ ದಿನವೇ ಹಬ್ಬ. ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದು. ಆ ಕಡೆಯವರಲ್ಲದ ಒಬ್ಬ ಮುದ್ದೆಯನ್ನು ಚಪಾತಿಯ ಹಾಗೆ ಅಗಿಯುತ್ತಾ ಕೂತರೆ ಇಡೀ ಟೇಬಲ್ ಅವನಿಗೆ ಪಾಠ ಹೇಳುತ್ತಿತ್ತು. ಕರಾವಳಿಯ ಹುಡುಗರು ಕುಚಲಕ್ಕಿ ಉಂಡವರು, ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ಅನ್ನ ಎಷ್ಟು ತಿಂದರೂ ಹೊಟ್ಟೆ ನಿಲ್ಲುವುದಿಲ್ಲ ಅನ್ನುತ್ತಿದ್ದರು, ಮೂರನೇ ಸಲ ಅನ್ನಕ್ಕೆ ಹೋಗುವವರಲ್ಲಿ ಅವರೇ ಜಾಸ್ತಿ. ಮಲೆನಾಡಿನವರು ಮಜ್ಜಿಗೆ ಇಲ್ಲದೆ ಏಳುತ್ತಿರಲಿಲ್ಲ.

ಇದನ್ನು ನೋಡಿ "ಈ ಊರಿನವರು ಹೀಗೆ" ಅಂತ ಮುಗಿಸಬೇಡಿ. ಅದು ಮೊದಲ ವಾರದ ಪಾಠ ಮಾತ್ರ. ಎರಡನೇ ತಿಂಗಳು ನೋಡಿ. ಮೈಸೂರಿನ ಹುಡುಗ ಗುರೆಳ್ಳು ಪುಡಿ ಕೇಳಲು ಶುರು ಮಾಡುತ್ತಾನೆ. ರಾಯಚೂರಿನವನು ಅನ್ನಕ್ಕೆ ಮೊದಲು ಸಾರು, ಆಮೇಲೆ ಮಜ್ಜಿಗೆ ಅಂತ ಎರಡು ಸುತ್ತು ಉಣ್ಣುವುದು ಕಲಿಯುತ್ತಾನೆ. ಯಾರು ಯಾರಿಂದ ಏನು ಕಲಿತರು ಅನ್ನುವುದನ್ನು ಹಿಡಿದರೆ ಯಾರು ಯಾರಿಗೆ ಗೆಳೆಯರಾದರು ಅನ್ನುವುದು ತಾನಾಗಿ ಸಿಗುತ್ತದೆ.

ಬಡಿಸಿಕೊಳ್ಳುವಾಗಿನ ಮಾತಿಗೂ ಕಿವಿ ಕೊಡಿ. ಅಲ್ಲಿ ಆಡುವುದು ಗುಟ್ಟಿನ ಮಾತಲ್ಲ. "ಅಣ್ಣಾ, ಸ್ವಲ್ಪ ಹಾಕಿ" ಅನ್ನುವವರು, "ಇನ್ನೊಂಚೂರು ನೀಡ್ರಿ" ಅನ್ನುವವರು, "ಸಾಕು ಮಾರಾಯ್ರೆ" ಅನ್ನುವವರು. ಕೆಲವರು ಸಾಕು ಅಂತ ಹೇಳುತ್ತಾರೆ, ಕೈ ಮಾತ್ರ ತಟ್ಟೆಗೆ ಅಡ್ಡ ಇಡುವುದಿಲ್ಲ. ಬಡಿಸುವವರಿಗೆ ಅದು ಅರ್ಥವಾಗುತ್ತದೆ, ಇನ್ನೊಂದು ಸೌಟು ಹಾಕುತ್ತಾರೆ. ನಿಜವಾಗಿ ಸಾಕಾದವರ ಕೈ ಬಾಯಿಗಿಂತ ಮೊದಲು ಅಡ್ಡ ಬಂದಿರುತ್ತದೆ. ನಮ್ಮ ಅಜ್ಜಿಯಂದಿರಿಗೆ ಇದು ಯಾವಾಗಲೋ ಗೊತ್ತಿತ್ತು.

ಎಣಿಸಿ

ಒಂದು ವಾರ ಸುಮ್ನೆ ನೋಡಿದ ಮೇಲೆ ಎಣಿಸಲು ಶುರು ಮಾಡಿ. ಎಣಿಸದಿದ್ದರೆ ಕಣ್ಣಿಗೆ ಹೊಡೆಯುವಂಥದ್ದು ಮಾತ್ರ ನೆನಪಿರುತ್ತದೆ. ಜಗಳ ನೆನಪಿರುತ್ತದೆ, ಜೋರಾಗಿ ನಗುವವನು ನೆನಪಿರುತ್ತಾನೆ, ಸುಮ್ಮನೆ ತಿಂದು ಹೋದ ನೂರು ಜನ ಮರೆತುಹೋಗುತ್ತಾರೆ.

ಇದಕ್ಕೆ ಎರಡು ಒಳ್ಳೆಯ ವಿಧಾನ ಇವೆ. ಕೀನ್ಯಾದ ಅಂಬೋಸೆಲಿಯಲ್ಲಿ ಬಬೂನ್ ಕೋತಿಗಳನ್ನು ವರ್ಷಗಟ್ಟಲೆ ಗಮನಿಸಿದ ವಿಜ್ಞಾನಿ ಜೀನ್ ಆಲ್ಟ್‌ಮನ್ 1974ರಲ್ಲಿ ಒಂದು ಪ್ರಬಂಧ ಬರೆದರು. ಪ್ರಾಣಿಗಳನ್ನು ನೋಡುವವರು ಯಾವಾಗ, ಯಾರನ್ನು, ಎಷ್ಟು ಹೊತ್ತು ನೋಡಬೇಕು ಅನ್ನುವುದನ್ನು ಅದರಲ್ಲಿ ಬಿಡಿಸಿ ಹೇಳಿದ್ದಾರೆ. ಮನಸ್ಸಿಗೆ ಬಂದದ್ದನ್ನು ಬರೆದುಕೊಳ್ಳುತ್ತಾ ಹೋದರೆ ಎದ್ದು ಕಾಣುವ ಪ್ರಾಣಿಯೇ ಪುಸ್ತಕ ತುಂಬುತ್ತದೆ, ಅದರಿಂದ ಲೆಕ್ಕ ತೆಗೆಯಲು ಬರುವುದಿಲ್ಲ ಅನ್ನುವುದು ಅವರ ಎಚ್ಚರಿಕೆ. ಮೆಸ್ಸಿಗೂ ಇದು ಚೆನ್ನಾಗಿ ಹೊಂದುತ್ತದೆ.

ಮೊದಲನೆಯದು, ಗುಡಿಸಿ ನೋಡುವುದು. ಐದು ನಿಮಿಷಕ್ಕೊಮ್ಮೆ ಎಡ ಗೋಡೆಯಿಂದ ಬಲ ಗೋಡೆಯ ತನಕ ಒಂದು ಸಲ ಕಣ್ಣು ಹಾಯಿಸಿ, ಒಂದೇ ಪ್ರಶ್ನೆಗೆ ಉತ್ತರ ಬರೆಯಿರಿ. ಎಷ್ಟು ಜನ ಒಬ್ಬೊಬ್ಬರೇ ಕೂತಿದ್ದಾರೆ? ಅಥವಾ, ಎಷ್ಟು ಜನರ ಎಡಗೈಯಲ್ಲಿ ಫೋನ್ ಇದೆ? ಒಂದು ದಿನಕ್ಕೆ ಒಂದೇ ಪ್ರಶ್ನೆ. ಎರಡು ಪ್ರಶ್ನೆ ಇಟ್ಟುಕೊಂಡರೆ ಎರಡೂ ಕೆಡುತ್ತವೆ, ನನ್ನ ಮಕ್ಕಳು ಪ್ರತಿ ವರ್ಷ ಇದನ್ನು ನಂಬದೆ ಎರಡು ಇಟ್ಟುಕೊಳ್ಳುತ್ತಾರೆ. ಎರಡನೆಯದು, ಒಂದು ಟೇಬಲ್ ಹಿಡಿದು ಹತ್ತು ನಿಮಿಷ ಬರೀ ಆ ಟೇಬಲ್ ನೋಡುವುದು. ಯಾರು ಕೂತರು, ಯಾರು ಎದ್ದರು, ನೀರಿನ ಜಗ್ ಯಾರು ತುಂಬಿಸಿ ತಂದರು. ನೀರಿನ ಜಗ್ ಬಗ್ಗೆ ಒಂದು ವಾರ ಲೆಕ್ಕ ಇಡಿ. ಪ್ರತಿ ಟೇಬಲ್ಲಿನಲ್ಲೂ ಒಬ್ಬರೇ ಹೆಚ್ಚು ಸಲ ಏಳುತ್ತಾರೆ.

ಇಲ್ಲಿ ಒಂದು ಎಚ್ಚರ. ಹೀಗೆ ಏಳುವವರು ಯಾವಾಗಲೂ ಫಸ್ಟ್ ಇಯರಿನವರೇ ಆಗಿದ್ದರೆ, ಸೀನಿಯರ್‌ಗಳ ತಟ್ಟೆಯನ್ನೂ ಅವರೇ ಎತ್ತುತ್ತಿದ್ದರೆ, ಬರೆದುಕೊಂಡು ಸುಮ್ಮನಿರಬೇಡಿ. ಅದು ರ‍್ಯಾಗಿಂಗ್. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2009ರ ನಿಯಮಗಳ ಪ್ರಕಾರ ಸಾಮಾನ್ಯವಾಗಿ ಮಾಡದ ಕೆಲಸವನ್ನು ಒಬ್ಬ ವಿದ್ಯಾರ್ಥಿಯಿಂದ ಅವನಿಗೆ ಅವಮಾನ, ಹಿಂಸೆ ಆಗುವ ಹಾಗೆ ಮಾಡಿಸುವುದು ರ‍್ಯಾಗಿಂಗ್ ಅಡಿಯಲ್ಲೇ ಬರುತ್ತದೆ. ವಾರ್ಡನ್‌ಗೆ ಹೇಳಿ. ಹೇಳಲು ಹೆದರಿಕೆಯಾದರೆ 1800-180-5522 ನಂಬರಿಗೆ ಫೋನ್ ಮಾಡಿ, ದೇಶಕ್ಕೆಲ್ಲ ಒಂದೇ ಸಹಾಯವಾಣಿ, ಫೋನ್ ಮಾಡಲು ದುಡ್ಡು ಬೀಳುವುದಿಲ್ಲ.

ಕಂಡದ್ದು ಎಡಕ್ಕೆ, ಅನಿಸಿದ್ದು ಬಲಕ್ಕೆ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನು ಇಟ್ಟುಕೊಳ್ಳಿ.

ನೋಟ್‌ಬುಕ್ಕಿನ ಪುಟದ ನಡುವೆ ಒಂದು ಗೆರೆ ಎಳೆಯಿರಿ. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಎಡಗಡೆ. ಅದರಿಂದ ನಿಮಗೆ ಏನು ಅನಿಸಿತೋ ಅದು ಬಲಗಡೆ. "ಚಪಾತಿ ಮುಟ್ಟಲಿಲ್ಲ, ಎದ್ದು ಹೋದ" ಎಡಕ್ಕೆ. "ಬೇಜಾರಿನಲ್ಲಿದ್ದಾನೆ" ಬಲಕ್ಕೆ. ಕೋಪ, ಸೊಕ್ಕು, ನಾಚಿಕೆ, ಬಡತನ, ಪ್ರೀತಿ, ಇವು ಯಾವುವೂ ಎಡಗಡೆ ಬರಬಾರದು. ಯಾಕೆಂದರೆ ಇವು ಯಾವುವೂ ಕಣ್ಣಿಗೆ ಕಾಣುವುದಿಲ್ಲ.

ಇದನ್ನು ನಾನು ಕಲಿತದ್ದು ಒಂದು ತಪ್ಪು ಮಾಡಿ. ಎರಡನೇ ವರ್ಷದಲ್ಲಿ ನಮ್ಮ ಮೆಸ್ಸಿಗೆ ಬರುತ್ತಿದ್ದ ಒಬ್ಬ ಹುಡುಗ ಯಾವಾಗಲೂ ಒಂದೇ ಜಾಗದಲ್ಲಿ ಕೂರುತ್ತಿದ್ದ, ಕೊನೆಯ ಸಾಲಿನ ತುದಿಯಲ್ಲಿ. ಆ ಜಾಗದಲ್ಲಿ ಯಾರಾದರೂ ಕೂತಿದ್ದರೆ ತಟ್ಟೆ ಹಿಡಿದು ನಿಂತು ಕಾಯುತ್ತಿದ್ದ, ಎದುರಿಗೆ ಹತ್ತು ಜಾಗ ಖಾಲಿ ಇದ್ದರೂ. ಕರೆದರೆ ಒಮ್ಮೊಮ್ಮೆ ತಿರುಗುತ್ತಲೇ ಇರಲಿಲ್ಲ. ನಾನು ಆಗಲೇ ಕತೆ ಬರೆಯುವ ಹುಚ್ಚಿನಲ್ಲಿದ್ದೆ, ನೋಟ್‌ಬುಕ್ ಇಟ್ಟುಕೊಂಡಿದ್ದೆ, ಅದರಲ್ಲಿ ಅವನ ಬಗ್ಗೆ "ಸೊಕ್ಕಿನವನು, ಯಾರ ಜೊತೆಗೂ ಬೆರೆಯುವುದಿಲ್ಲ" ಅಂತ ಬರೆದಿದ್ದೆ. ಬರೆದದ್ದಷ್ಟೇ ಅಲ್ಲ, ರೂಮಿನಲ್ಲಿ ಎಲ್ಲರ ಹತ್ತಿರ ಹೇಳಿದ್ದೆ. ಹೇಳಿದ ಮೇಲೆ ಉಳಿದವರಿಗೂ ಅವನು ಹಾಗೇ ಕಾಣತೊಡಗಿದ.

ಮೂರು ತಿಂಗಳಾದ ಮೇಲೆ ಗೊತ್ತಾಯಿತು, ಅವನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕಿವಿ ಸೋರಿ ಹಾಗಾದದ್ದು. ಎಡಕ್ಕೆ ಗೋಡೆ ಇರುವ ಜಾಗ ಆ ಹಾಲಿನಲ್ಲಿ ಅದೊಂದೇ ಸಾಲಿನಲ್ಲಿತ್ತು. ಅಲ್ಲಿ ಕೂತರೆ ಮಾತಾಡುವವರೆಲ್ಲ ಅವನ ಬಲಕ್ಕೆ ಇರುತ್ತಿದ್ದರು. ಅಂದರೆ ಅವನು ಆ ಜಾಗಕ್ಕೆ ಕಾಯುತ್ತಿದ್ದದ್ದು ಎಲ್ಲರ ಮಾತು ಕೇಳಿಸಿಕೊಳ್ಳಲು.

ನಾನು ಹೋಗಿ ಹಳೆಯ ಪುಟ ತೆಗೆದು ನೋಡಿದೆ. ಹನ್ನೊಂದು ದಿನದ ಟಿಪ್ಪಣಿ ಇತ್ತು. ಹನ್ನೊಂದರಲ್ಲೂ "ಗೋಡೆ ಎಡಕ್ಕೆ" ಅಂತ ನಾನೇ ಬರೆದಿದ್ದೆ. ಕಣ್ಣು ಸರಿಯಾಗಿಯೇ ನೋಡಿತ್ತು. "ಸೊಕ್ಕು" ಅನ್ನುವ ಒಂದು ಪದ ಬರೆದ ಮೇಲೆ ನಾನು ಆ ಹನ್ನೊಂದು ಸಾಲು ಓದುವುದನ್ನೇ ಬಿಟ್ಟಿದ್ದೆ. ಅವನ ಹತ್ತಿರ ಹೋಗಿ ನಾನು ಹೀಗೆ ಹೇಳಿದ್ದೆ ಅಂತ ಒಪ್ಪಿಕೊಂಡೆ. "ಎಲ್ಲರೂ ಹಂಗೇ ಅಂತಾರ, ಬಿಡು" ಅಂದ. ನನಗೆ ಬಿಡಲು ಇವತ್ತಿಗೂ ಆಗಿಲ್ಲ.

ಹಾಗಾಗಿ ಆ ಗೆರೆ. ಬಲಗಡೆ ಏನು ಬರೆದರೂ ಪಕ್ಕದಲ್ಲಿ ಇನ್ನೂ ಎರಡು ಕಾರಣ ಬರೆಯಲೇಬೇಕು ಅನ್ನುವುದು ನಾನು ಮಕ್ಕಳಿಗೆ ಹಾಕುವ ಷರತ್ತು. ಚಪಾತಿ ಮುಟ್ಟದೆ ಎದ್ದವನಿಗೆ ಬೇಜಾರಾಗಿರಬಹುದು, ಹಲ್ಲು ನೋಯುತ್ತಿರಬಹುದು, ಸಂಜೆ ಹೊರಗೆ ಮಂಡಕ್ಕಿ ಮಿರ್ಚಿ ತಿಂದು ಬಂದಿರಬಹುದು. ಮೂರು ಕಾರಣ ಬರೆದ ಮೇಲೆ ಯಾವುದನ್ನೂ ಗಟ್ಟಿಯಾಗಿ ಹೇಳಲು ಮನಸ್ಸು ಬರುವುದಿಲ್ಲ. ಆಗ ಮತ್ತೆ ನೋಡಬೇಕು ಅನಿಸುತ್ತದೆ.

ಯಾರು ಎಲ್ಲಿ ಕೂರುತ್ತಾರೆ

ಮೆಸ್ಸಿನ ಒಂದು ನಕ್ಷೆ ಬರೆಯಿರಿ. ಟೇಬಲ್ಲುಗಳಿಗೆ ನಂಬರ್ ಹಾಕಿ. ಸೆಮಿಸ್ಟರ್ ಶುರುವಾದ ಎರಡನೇ ವಾರ ಒಂದು ಸಲ, ನಡುವೆ ಒಂದು ಸಲ, ಪರೀಕ್ಷೆಗೆ ಮೊದಲು ಒಂದು ಸಲ, ಯಾವ ಟೇಬಲ್ಲಿನಲ್ಲಿ ಎಂಥ ಗುಂಪು ಅಂತ ತುಂಬಿಸಿ. ಮೊದಲ ನಕ್ಷೆಯಲ್ಲಿ ರೂಮ್‌ಮೇಟ್‌ಗಳು ಒಟ್ಟಿಗೆ ಇರುತ್ತಾರೆ, ಊರಿನವರು ಒಟ್ಟಿಗೆ ಇರುತ್ತಾರೆ. ಆಮೇಲೆ ಲ್ಯಾಬ್ ಬ್ಯಾಚು, ಕ್ರಿಕೆಟ್ ಟೀಮು. ಪರೀಕ್ಷೆಯ ಹೊತ್ತಿಗೆ ನೋಟ್ಸ್ ಇರುವವನ ಸುತ್ತ ಒಂದು ಹೊಸ ಟೇಬಲ್ಲೇ ಹುಟ್ಟಿರುತ್ತದೆ.

ದೂರವನ್ನೂ ನೋಡಿ, ಆದರೆ ಪುಸ್ತಕದ ಅಳತೆ ನಂಬಬೇಡಿ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1960ರ ದಶಕದಲ್ಲಿ, ಹತ್ತಿರದ ಗೆಳೆಯರು, ಮನೆಯವರು ಸುಮಾರು ಒಂದೂವರೆಯಿಂದ ನಾಲ್ಕು ಅಡಿ ದೂರದಲ್ಲಿ ಇರುತ್ತಾರೆ ಅಂತ ಅಂದಾಜು ಕೊಟ್ಟರು. ನಮ್ಮ ಉದ್ದ ಬೆಂಚಿನಲ್ಲಿ ಗುರುತೇ ಇಲ್ಲದವರ ಮೊಣಕೈ ಕೂಡ ತಾಗುತ್ತದೆ. ತಾನು ಕೊಟ್ಟದ್ದು ಅಮೆರಿಕದ ತನ್ನ ಜನರ ಅಳತೆ ಅಂತ ಹಾಲ್ ಅವರೇ ಹೇಳಿದ್ದರು. ಮೆಸ್ಸಿನಲ್ಲಿ ನೋಡಬೇಕಾದದ್ದು ಜಾಗ ಇದ್ದಾಗ ಎಷ್ಟು ಬಿಟ್ಟು ಕೂರುತ್ತಾರೆ ಅನ್ನುವುದು. ಬೆಂಚು ಅರ್ಧ ಖಾಲಿ ಇದ್ದೂ ಇಬ್ಬರು ಒತ್ತಿಕೊಂಡು ಕೂತಿದ್ದರೆ ಅದನ್ನು ಬರೆದುಕೊಳ್ಳಿ.

ಒಂದೇ ಸಾಲಿನಲ್ಲಿ ಕೂತು ಉಣ್ಣುವುದು ನಮ್ಮಲ್ಲಿ ಸುಲಭವಾಗಿ ಬಂದದ್ದಲ್ಲ. ಹಿಂದೆ ಓದಲು ಊರು ಬಿಟ್ಟು ಬಂದ ಬಡ ಹುಡುಗರು ವಾರಾನ್ನ ಮಾಡುತ್ತಿದ್ದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಯಾರ ಮನೆಯಲ್ಲಿ ಊಟ ಸಿಗುತ್ತದೆ, ಎಲ್ಲಿ ಕೂರಿಸುತ್ತಾರೆ ಅನ್ನುವುದನ್ನು ಜಾತಿ ತೀರ್ಮಾನಿಸುತ್ತಿತ್ತು. ಹಾಸ್ಟೆಲ್ಲುಗಳು ಬಂದಾಗಲೂ ಬಹಳಷ್ಟು ಒಂದೊಂದು ಜಾತಿಯವರು ತಮ್ಮ ಮಕ್ಕಳಿಗೆ ಕಟ್ಟಿಸಿದವೇ. ಇವತ್ತಿಗೂ ಇದು ಮುಗಿದ ಕತೆ ಅಲ್ಲ. 2023ರಲ್ಲಿ ಐಐಟಿ ಬಾಂಬೆಯ ಒಂದು ಹಾಸ್ಟೆಲ್ ಕ್ಯಾಂಟೀನಿನಲ್ಲಿ ಇಲ್ಲಿ ಸಸ್ಯಾಹಾರಿಗಳು ಮಾತ್ರ ಕೂರಬೇಕು ಅನ್ನುವ ಪೋಸ್ಟರ್ ಅಂಟಿಸಿದ್ದು ದೊಡ್ಡ ಸುದ್ದಿಯಾಯಿತು. ನಿಮ್ಮ ಮೆಸ್ಸಿನಲ್ಲಿ ಪೋಸ್ಟರ್ ಇಲ್ಲದಿರಬಹುದು. ಆದರೆ ಭಾನುವಾರ ಮಧ್ಯಾಹ್ನ ಚಿಕನ್ ಇರುವಾಗ ಯಾರು ಎದ್ದು ಬೇರೆ ಕಡೆ ಹೋಗುತ್ತಾರೆ, ಯಾರು ಪನೀರ್ ತಟ್ಟೆ ಹಿಡಿದು ಅದೇ ಟೇಬಲ್ಲಿಗೆ ವಾಪಸ್ ಬರುತ್ತಾರೆ ಅಂತ ನೋಡಿ. ಯಾರನ್ನೂ ಕೇಳಬೇಡಿ, ಯಾರ ಜಾತಿಯನ್ನೂ ಊಹಿಸಬೇಡಿ. ನಕ್ಷೆ ತುಂಬಿಸಿ, ಅಷ್ಟೇ.

ಒಂದು ಸಣ್ಣ ಮೋಜಿನ ಕೆಲಸವೂ ಇದೆ. ಎದುರುಬದುರು ಕೂತ ಇಬ್ಬರು ಗೆಳೆಯರ ಕೈ ನೋಡಿ. ಒಬ್ಬ ತುತ್ತು ಎತ್ತಿದ ಸ್ವಲ್ಪ ಹೊತ್ತಿಗೆ ಇನ್ನೊಬ್ಬನೂ ಎತ್ತುತ್ತಾನೆ. ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಜೋಡಿಯಾಗಿ ಊಟಕ್ಕೆ ಕೂತ ಯುವತಿಯರ ತುತ್ತುಗಳನ್ನು ಎಣಿಸಿ, ಒಬ್ಬರನ್ನು ನೋಡಿ ಇನ್ನೊಬ್ಬರು ತುತ್ತು ಎತ್ತುತ್ತಾರೆ ಅಂತ 2012ರಲ್ಲಿ ಪ್ರಕಟಿಸಿದರು. ಊಟದ ಶುರುವಿನಲ್ಲಿ ಇದು ಹೆಚ್ಚು, ಕೊನೆಗೆ ಕಡಿಮೆ. ನಿಮ್ಮ ಮೆಸ್ಸಿನಲ್ಲೂ ಹಾಗೇ ಆಗುತ್ತದೆಯೇ ನೋಡಿ, ಮುದ್ದೆಯ ದಿನ ಬೇರೆ, ಚಿತ್ರಾನ್ನದ ದಿನ ಬೇರೆ ಲೆಕ್ಕ ಇಡಿ.

ಕೌಂಟರಿನ ಆ ಕಡೆ ಇರುವವರು

ನಾವು ಒಂದು ತಿಂಗಳು ನೋಡಿ ಕಲಿಯುವುದನ್ನು ಬಡಿಸುವ ಅಣ್ಣ, ತಟ್ಟೆ ತೊಳೆಯುವ ಅಕ್ಕ ಹತ್ತು ವರ್ಷದಿಂದ ನೋಡಿರುತ್ತಾರೆ. ಯಾರು ಎರಡು ದಿನದಿಂದ ಬಂದಿಲ್ಲ, ಯಾರು ಹೊಟ್ಟೆ ತುಂಬ ಉಣ್ಣುತ್ತಿಲ್ಲ, ಯಾರು ಜ್ವರದ ಗೆಳೆಯನಿಗೆ ಗಂಜಿ ಕೇಳಿ ತಗೊಂಡು ಹೋದರು, ಎಲ್ಲ ಅವರಿಗೆ ಗೊತ್ತು. ಊಟದ ಗಲಾಟೆ ಮುಗಿದು ಅವರು ತಮ್ಮ ಊಟಕ್ಕೆ ಕೂತಾಗ ಹೋಗಿ. ಮೊದಲು ಅವರ ಬಗ್ಗೆ ಕೇಳಿ. ಯಾವ ಊರು, ಬೆಳಗ್ಗೆ ಎಷ್ಟು ಗಂಟೆಗೆ ಒಲೆ ಹಚ್ಚುತ್ತೀರಿ, ಇನ್ನೂರು ಜನಕ್ಕೆ ಉಪ್ಪು ಹೇಗೆ ಅಂದಾಜು ಮಾಡುತ್ತೀರಿ. ನಮ್ಮ ಮೆಸ್ಸಿನ ಭಟ್ಟರು ಸಾರಿಗೆ ಉಪ್ಪು ಹಾಕಿದ ಮೇಲೆ ರುಚಿ ನೋಡುತ್ತಿರಲಿಲ್ಲ, ಹಬೆಯ ವಾಸನೆ ನೋಡುತ್ತಿದ್ದರು. ಅವರ ಬಗ್ಗೆ ಬರೆಯುವುದಾದರೆ ಮಾತ್ರ ಅವರಿಗೆ ಮೊದಲೇ ಹೇಳಬೇಕು. ಅದು ಅವರ ಕೆಲಸದ ಜಾಗ, ಅವರ ಅನ್ನದ ಪ್ರಶ್ನೆ. ಊಟದ ಬಗ್ಗೆ ಅವರು ಹೇಳಿದ ಯಾವುದೋ ಮಾತು ಕಾಂಟ್ರಾಕ್ಟರಿನ ಕಿವಿಗೆ ಬಿದ್ದರೆ ತೊಂದರೆ ನಿಮಗಲ್ಲ.

ರೂಮಿಗೆ ಬಂದ ಕೂಡಲೇ

ಮೆಸ್ಸಿನಲ್ಲಿ ಕೂತು ಪುಟಗಟ್ಟಲೆ ಬರೆಯಬೇಡಿ. ಅಲ್ಲಿ ಎರಡು ಮೂರು ಪದ, ಒಂದು ನಂಬರ್. ರೂಮಿಗೆ ಬಂದು ಒಂದು ಗಂಟೆಯೊಳಗೆ ಬಿಡಿಸಿ ಬರೆಯಿರಿ. ಮಲಗಿ ಎದ್ದರೆ ಅರ್ಧ ಹೋಗಿರುತ್ತದೆ, ಉಳಿದ ಅರ್ಧಕ್ಕೆ ನಾವೇ ಬಣ್ಣ ಹಚ್ಚಿರುತ್ತೇವೆ.

ಇಷ್ಟು ಬರೆದು ಏನು ಸಿಗುತ್ತದೆ ಅಂತ ಕೇಳುವವರಿಗೆ ನಾನು ಎಂ.ಎನ್. ಶ್ರೀನಿವಾಸ್ ಅವರ ಕತೆ ಹೇಳುತ್ತೇನೆ. ಮೈಸೂರಿನವರು, ದೇಶ ಕಂಡ ದೊಡ್ಡ ಸಮಾಜಶಾಸ್ತ್ರಜ್ಞ. 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು, ಜನ ಹೇಗೆ ಬದುಕುತ್ತಾರೆ ಅಂತ ನೋಡಿ ಬರೆದುಕೊಂಡರು. 1970ರ ಏಪ್ರಿಲ್‌ನಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಯಾರೋ ಹಚ್ಚಿದ ಬೆಂಕಿಗೆ ಅವರು ವರ್ಷಗಳಿಂದ ಜೋಡಿಸಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಆಮೇಲೆ ಅವರು ಹೆಚ್ಚಾಗಿ ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಪುಸ್ತಕ ಬರೆದರು, ಅದು 1976ರಲ್ಲಿ ಬಂತು. ನೆನಪಿನಿಂದ ಬರೆಯಲು ಆದದ್ದು ಯಾಕೆ ಅಂದರೆ ಒಂದು ಸಲ ಅಷ್ಟು ಗಮನವಿಟ್ಟು ನೋಡಿ, ಕೈಯಾರೆ ಬರೆದದ್ದರಿಂದ ಅಂತ ನನಗೆ ಅನಿಸುತ್ತದೆ. ನೀವು ಮಾತ್ರ ಒಂದು ಪ್ರತಿಯನ್ನು ಬೇರೆ ಕಡೆ ಇಟ್ಟಿರಿ.

ಯಾರಾದರೂ "ಏನು ಬರೀತಿದ್ದೀಯ?" ಅಂತ ಕೇಳಿದರೆ ಮುಚ್ಚಿಡಬೇಡಿ. "ಮೆಸ್ಸಿನಲ್ಲಿ ಜನ ಹೇಗೆ ಊಟ ಮಾಡ್ತಾರೆ ಅಂತ ನೋಡ್ತಿದ್ದೀನಿ, ಯಾರ ಹೆಸರೂ ಬರೆಯಲ್ಲ" ಅಂತ ಇದ್ದದ್ದು ಹೇಳಿ, ಪುಟ ತೋರಿಸಿ. ತೋರಿಸಲು ಹಿಂಜರಿಕೆಯಾದರೆ ಆ ಪುಟದಲ್ಲಿ ಇರಬಾರದ್ದೇನೋ ಇದೆ ಅಂತ ಅರ್ಥ, ಅದನ್ನು ಹರಿದು ಹಾಕಿ. ನನ್ನನ್ನು ಬಿಡು ಅಂತ ಯಾರಾದರೂ ಹೇಳಿದರೆ ಬಿಡಿ, ಯಾಕೆ ಅಂತ ಕೇಳಬೇಡಿ.

ತಿಂಗಳಾದ ಮೇಲೆ

ಕೈಯಲ್ಲಿ ಇಷ್ಟು ಪುಟ ಇದ್ದಾಗ ಅದರಿಂದ ಏನಾದರೂ ಆಗಬೇಕು. ಬಕೆಟ್ಟಿನ ಲೆಕ್ಕ ಮೆಸ್ ಕಮಿಟಿಗೆ ಕೊಡಿ. "ಊಟ ಚೆನ್ನಾಗಿಲ್ಲ" ಅಂದರೆ ಯಾರೂ ಕೇಳುವುದಿಲ್ಲ, "ನಾಲ್ಕು ಮಂಗಳವಾರ ನೋಡಿದ್ದೇವೆ, ಉಪ್ಪಿಟ್ಟು ಅರ್ಧ ಬಕೆಟ್ ಚೆಲ್ಲುತ್ತಾರೆ, ಅದೇ ದಿನ ಚಟ್ನಿ ಇದ್ದರೆ ಕಾಲು ಬಕೆಟ್" ಅಂದರೆ ಕೇಳುತ್ತಾರೆ. ತಿಂಗಳ ಖರ್ಚನ್ನು ಎಲ್ಲರ ಮೇಲೆ ಹಂಚುವ ಮೆಸ್ಸಾಗಿದ್ದರೆ ಚೆಲ್ಲಿದ್ದಕ್ಕೂ ಎಲ್ಲರೂ ದುಡ್ಡು ಕೊಡುತ್ತಿದ್ದೀರಿ ಅಂತ ಬಿಲ್ಲಿನ ಪಕ್ಕ ಇಟ್ಟು ತೋರಿಸಿ. ಕತೆ ಬರೆಯುವವರು ಎಡಗಡೆಯ ಸಾಲುಗಳನ್ನು ಇಟ್ಟುಕೊಳ್ಳಿ. ಬಲಗಡೆಯವು ಹಳೆಯದಾದ ಮೇಲೆ ಓದಿ, ನಿಮ್ಮ ಬಗ್ಗೆ ಏನಾದರೂ ಗೊತ್ತಾಗುತ್ತದೆ.

ಆಮೇಲೆ ನಿಮ್ಮ ಐದು ನಿಮಿಷದ ಎಣಿಕೆ ತೆಗೆದು, ಯಾವಾಗಲೂ ಒಬ್ಬರೇ ಕೂರುವವರು ಯಾರು ಅಂತ ನೋಡಿ. ಒಬ್ಬರೇ ಕೂರುವುದು ಇಷ್ಟ ಇರುವವರೂ ಇದ್ದಾರೆ, ಅವರು ನಿಧಾನವಾಗಿ ಉಣ್ಣುತ್ತಾರೆ, ಮಜ್ಜಿಗೆಗೆ ಎರಡನೇ ಸಲ ಹೋಗುತ್ತಾರೆ. ಬಾಗಿಲು ನೋಡುತ್ತಾ, ಐದೇ ನಿಮಿಷದಲ್ಲಿ ತಟ್ಟೆ ಖಾಲಿ ಮಾಡಿ ಏಳುವವರು ಬೇರೆ. ಅಂಥವರು ಕಂಡರೆ ಒಂದು ರಾತ್ರಿ ನೋಟ್‌ಬುಕ್ಕನ್ನು ರೂಮಿನಲ್ಲಿ ಬಿಟ್ಟು, ನಿಮ್ಮ ತಟ್ಟೆ ತಗೊಂಡು ಅವರ ಟೇಬಲ್ಲಿಗೆ ಹೋಗಿ. "ಇಲ್ಲಿ ಯಾರಾದ್ರೂ ಬರ್ತಾರಾ?" ಅಂತ ಕೇಳಿ ಕೂರಿ. ಉಪ್ಪಿನಕಾಯಿ ಇದ್ದರೆ ಅವರ ಕಡೆ ಸರಿಸಿ. ಮಾತು ಅವರು ಶುರು ಮಾಡದಿದ್ದರೆ ಸುಮ್ಮನೆ ಊಟ ಮಾಡಿ. ಮಾರನೇ ದಿನವೂ ಹೋಗಿ.